ಪ್ರಾಚೀನ ವಿದ್ಯಾಸ್ಥಾನಗಳಲ್ಲಿ ಪಾಠಕ್ರಮವೂ ಪ್ರವೇಶನಿಯಮವೂ

ಭಾರತದ ಪ್ರಾಚೀನ ವಿದ್ಯಾಸ್ಥಾನಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅಲ್ಲಿ ಕಲಿಸುತ್ತಿದ್ದ ಶಾಸ್ತ್ರಗಳ ಪಟ್ಟಿಯನ್ನೂ ವಿದ್ಯಾರ್ಥಿಗಳ ಸಂಖ್ಯೆಯನ್ನೂ ಕೊಟ್ಟು ತೃಪ್ತರಾಗುತ್ತಾರೆ. ಆ ವಿದ್ಯಾರ್ಥಿಗಳು ಒಳಗೆ ಬಂದುದು ಹೇಗೆ, ಯಾವ ಶಾಸ್ತ್ರಕ್ಕೆ ಎಷ್ಟು ಪೂರ್ವಜ್ಞಾನ ಬೇಕಾಗಿದ್ದಿತು, ಬಾಗಿಲಿನ ಹೊರಗೆ ಉಳಿದವರು ಯಾರು ಎಂಬ ವಿಚಾರವು ಹಿಂದೆ ಬೀಳುತ್ತದೆ. ಆದರೆ ಒಂದು ವಿದ್ಯಾಪೀಠದ ಸ್ವರೂಪವು ಅದರ ಪಾಠಪಟ್ಟಿಯಿಂದ ಎಷ್ಟು ತಿಳಿಯುವುದೋ ಅದರ ಪ್ರವೇಶನಿಯಮದಿಂದಲೂ ಅಷ್ಟೇ ತಿಳಿಯುತ್ತದೆ. ಜಾತಕಕಥೆಗಳು, ಚೀನದ ಯಾತ್ರಿಕರ ಬರಹಗಳು ಮತ್ತು ಕರ್ಣಾಟಕ ಹಾಗೂ ತಮಿಳುನಾಡುಗಳ ಶಾಸನಗಳು, ಈ ಮೂರು ಬಗೆಯ ಆಧಾರಗಳನ್ನು ಕೂಡಿಸಿ ನೋಡಿದರೆ ಈ ವಿಷಯದಲ್ಲಿ ಸಾಕಷ್ಟು ಬೆಳಕು ದೊರೆಯುವುದು.

ಮೊದಲನೆಯದು ತಕ್ಷಶಿಲೆ. ಇದು ಒಂದೇ ಆಡಳಿತಕ್ಕೆ ಒಳಪಟ್ಟ ಸಂಸ್ಥೆಯಾಗಿರಲಿಲ್ಲ. ಪ್ರಸಿದ್ಧರಾದ ಆಚಾರ್ಯರು ಬೇರೆ ಬೇರೆಯಾಗಿ ಶಿಷ್ಯರನ್ನು ಸೇರಿಸಿಕೊಳ್ಳುತ್ತಿದ್ದ ನಗರವಾಗಿದ್ದಿತು. ಮೂರು ವೇದಗಳೂ 18 ಶಿಲ್ಪಗಳೂ ಅಲ್ಲಿಯ ಪಾಠವಿಷಯಗಳೆಂದು ಜಾತಕಗಳು ಹೇಳುತ್ತವೆ. ಶಿಷ್ಯನಿಗೆ 16 ವರ್ಷ ವಯಸ್ಸಾಗಿರಬೇಕು. ಗುರುದಕ್ಷಿಣೆಯಾಗಿ 1000 ನಾಣ್ಯಗಳನ್ನು ತರಬೇಕು. ಹಣ ತರಲಾರದವನು ಹಗಲಿನಲ್ಲಿ ಗುರುಗೃಹದ ಕೆಲಸಗಳನ್ನು ಮಾಡಿ ರಾತ್ರಿ ಪಾಠ ಕೇಳುತ್ತಿದ್ದನು. ಧನವಿಲ್ಲದವನಿಗೂ ಮಾರ್ಗವಿದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ. ಆದರೆ ಚಿತ್ತಸಂಭೂತ ಜಾತಕವು ಇನ್ನೊಂದು ಸಂಗತಿಯನ್ನು ತಿಳಿಸುತ್ತದೆ. ಉಜ್ಜಯಿನಿಯ ಇಬ್ಬರು ಚಂಡಾಲ ಯುವಕರು ತಮ್ಮ ಕುಲವನ್ನು ಮರೆಮಾಡಿ ಬ್ರಾಹ್ಮಣವೇಷದಿಂದ ತಕ್ಷಶಿಲೆಯಲ್ಲಿ ವಿದ್ಯಾಭ್ಯಾಸಕ್ಕೆ ನಿಂತರು. ಒಂದು ದಿನ ಊಟದಲ್ಲಿ ಬಿಸಿ ಅನ್ನದಿಂದ ಒಬ್ಬನ ಬಾಯಿ ಸುಟ್ಟಿತು. ಆ ಕ್ಷಣದಲ್ಲಿ ಮೈಮರೆತು ಅವರು ಆಡಿದ ಮನೆಮಾತು ಅವರ ಹುಟ್ಟನ್ನು ಬಯಲುಮಾಡಿತು. ಸಹಪಾಠಿಗಳು ಅವರನ್ನು ಹೊಡೆದು ಹೊರಗೆ ಹಾಕಿದರು. ಇದು ಕಥೆಯೇ ಸರಿ; ಆದರೂ ಅದನ್ನು ಹೇಳಿದವರ ಕಾಲದ ಲೋಕಾನುಭವವು ಇದರಲ್ಲಿ ಅಡಗಿರುವುದರಲ್ಲಿ ಸಂದೇಹವಿಲ್ಲ. ಆ ಇಬ್ಬರು ಪಾಠದಲ್ಲಿ ಸೋತವರಲ್ಲ. ವಯಸ್ಸು, ದಕ್ಷಿಣೆ, ಬುದ್ಧಿ ಎಂಬ ಹೊರಬಾಗಿಲನ್ನು ದಾಟಿದವರನ್ನೂ ತಡೆಯುವ ಒಳಬಾಗಿಲೊಂದು ಇದ್ದಿತು.

ನಾಲಂದದ ಕ್ರಮವು ಇದಕ್ಕಿಂತ ಭಿನ್ನವಾದುದು. ಕ್ರಿ. ಶ. 7ನೆಯ ಶತಮಾನದಲ್ಲಿ ಅಲ್ಲಿ ವಾಸಮಾಡಿ ಅಧ್ಯಯನ ನಡೆಸಿದ ಹ್ಯುಯೆನ್ ತ್ಸಾಂಗನು ಅದರ ದ್ವಾರಪರೀಕ್ಷೆಯನ್ನು ವಿವರಿಸಿದ್ದಾನೆ. ಪರಸ್ಥಳದಿಂದ ಬಂದು ಅಲ್ಲಿಯ ವಾದಗೋಷ್ಠಿಗಳಲ್ಲಿ ಸೇರಬೇಕೆನ್ನುವವರಿಗೆ ದ್ವಾರಪಾಲಕನು ಕಠಿಣವಾದ ಪ್ರಶ್ನೆಗಳನ್ನು ಹಾಕುತ್ತಿದ್ದನು. ಪ್ರಾಚೀನ, ನವೀನ ಗ್ರಂಥಗಳೆರಡರಲ್ಲಿಯೂ ಪರಿಶ್ರಮವಿದ್ದವರೇ ಒಳಗೆ ಹೋಗಬಲ್ಲವರಾಗಿದ್ದರು. ಹತ್ತು ಮಂದಿಯಲ್ಲಿ ಏಳೆಂಟು ಮಂದಿ ಹಿಂದಿರುಗಬೇಕಾಗುತ್ತಿದ್ದಿತು. ಈ ಪರೀಕ್ಷೆಯು ಅಕ್ಷರ ಕಲಿಯುವವರಿಗಾಗಿ ಏರ್ಪಟ್ಟುದಲ್ಲ, ವ್ಯಾಸಂಗವನ್ನು ಬಹುಮಟ್ಟಿಗೆ ಮುಗಿಸಿ ಬಂದವರಿಗಾಗಿ ಏರ್ಪಟ್ಟುದು ಎಂಬುದನ್ನು ಗಮನಿಸಬೇಕು. ವಿಕ್ರಮಶಿಲೆಯಲ್ಲಿಯೂ ಇಂತಹ ಪದ್ಧತಿ ಇದ್ದಿತು. ಅಲ್ಲಿ ನಾಲ್ಕು ದಿಕ್ಕುಗಳಿಗೆ ನಾಲ್ವರು, ಮಧ್ಯದಲ್ಲಿ ಇಬ್ಬರು, ಹೀಗೆ ಆರು ಮಂದಿ ದ್ವಾರಪಂಡಿತರಿದ್ದರೆಂದು ಟಿಬೆಟ್ಟಿನ ಇತಿಹಾಸಕಾರನಾದ ತಾರಾನಾಥನು ಹೇಳುತ್ತಾನೆ. ರತ್ನಾಕರಶಾಂತಿ, ಜ್ಞಾನಶ್ರೀಮಿತ್ರರಂತಹ ಗ್ರಂಥಕರ್ತರ ಹೆಸರುಗಳು ಆ ಪಟ್ಟಿಯಲ್ಲಿವೆ. ಬಾಗಿಲು ಕಾಯುವ ಕೆಲಸವು ಸೇವಕನದಲ್ಲ, ಶ್ರೇಷ್ಠ ವಿದ್ವಾಂಸನದು ಎಂಬ ಭಾವನೆ ಅಲ್ಲಿದ್ದಿತು.

ಹಾಗಾದರೆ ಆ ಬಾಗಿಲಿಗೆ ಬರುವ ಮೊದಲು ವಿದ್ಯಾರ್ಥಿಯು ಏನನ್ನು ಕಲಿತಿರಬೇಕಾಗಿದ್ದಿತು? ಇದಕ್ಕೆ ಉತ್ತರವು ಅದೇ ಶತಮಾನದ ಉತ್ತರಾರ್ಧದಲ್ಲಿ ನಾಲಂದದಲ್ಲಿ ಸುಮಾರು ಹತ್ತು ವರ್ಷವಿದ್ದ ಇತ್ಸಿಂಗನಿಂದ ದೊರೆಯುತ್ತದೆ. ಅವನು ಹೇಳುವಂತೆ ಬಾಲಕನು 6ನೆಯ ವಯಸ್ಸಿನಲ್ಲಿ ಅಕ್ಷರಮಾಲೆಯನ್ನು ಆರಂಭಿಸಿ ಆರು ತಿಂಗಳಲ್ಲಿ ಮುಗಿಸುವನು. 8ನೆಯ ವಯಸ್ಸಿನಲ್ಲಿ ಪಾಣಿನಿಯ ಸೂತ್ರಗಳನ್ನು ಎಂಟು ತಿಂಗಳಲ್ಲಿ ಕಂಠಪಾಠಮಾಡುವನು. 10ನೆಯ ವಯಸ್ಸಿನಿಂದ ಮೂರು ವರ್ಷ ಖಿಲಗಳನ್ನು ಓದುವನು. 15ನೆಯ ವಯಸ್ಸಿನಲ್ಲಿ ಕಾಶಿಕಾವೃತ್ತಿಯನ್ನು ಹಿಡಿದು ಐದು ವರ್ಷಗಳಲ್ಲಿ ಅದನ್ನು ಅರ್ಥಮಾಡಿಕೊಳ್ಳುವನು. ಅನಂತರ ಗದ್ಯಪದ್ಯರಚನೆ, ಹೇತುವಿದ್ಯೆ ಮತ್ತು ಅಭಿಧರ್ಮ. ಇಷ್ಟಾದ ಮೇಲೆಯೇ ನಾಲಂದದಲ್ಲಿಯೋ ವಲಭಿಯಲ್ಲಿಯೋ ಎರಡು ಮೂರು ವರ್ಷಗಳ ಉನ್ನತ ವ್ಯಾಸಂಗ. ಚೀನದಿಂದ ಬರುವವರು ಮೊದಲು ವ್ಯಾಕರಣವನ್ನು ಕಲಿಯದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥವೆಂದು ಅವನು ಎಚ್ಚರಿಸಿದ್ದಾನೆ. ಮುಂದೆ ತರ್ಕವನ್ನು ಆರಿಸಿಕೊಳ್ಳಲಿ, ಅಧ್ಯಾತ್ಮವನ್ನು ಆರಿಸಿಕೊಳ್ಳಲಿ, ವ್ಯಾಕರಣವೇ ಎಲ್ಲರಿಗೂ ಸಾಮಾನ್ಯವಾದ ಹೊಸ್ತಿಲಾಗಿದ್ದಿತು. ವಿಹಾರಗಳಲ್ಲಿ ಸನ್ಯಾಸವನ್ನು ಬಯಸದೆ ಲೌಕಿಕ ವಿದ್ಯೆಯನ್ನು ಮಾತ್ರ ಕಲಿಯುವ ಬ್ರಹ್ಮಚಾರಿಗಳೂ ಇದ್ದರು. ಇವರು ತಮ್ಮ ವೆಚ್ಚವನ್ನು ತಾವೇ ನೋಡಿಕೊಳ್ಳಬೇಕಾಗಿದ್ದಿತು.

ಇನ್ನು ದಕ್ಷಿಣದ ವಿದ್ಯಾಸ್ಥಾನಗಳು. ಕದಂಬವಂಶದ ಮೂಲಪುರುಷನಾದ ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಪಲ್ಲವರ ಕಾಂಚಿಗೆ ಹೋಗಿ ಅಲ್ಲಿಯ ಘಟಿಕೆಯನ್ನು ಸೇರಿದನೆಂದು ತಾಳಗುಂದದ ಸ್ತಂಭಶಾಸನವು ತಿಳಿಸುತ್ತದೆ. ಸ್ವದೇಶದಲ್ಲಿ ಗುರುಮುಖದಿಂದ ಕಲಿತವನು ಹೆಚ್ಚಿನ ಅಧ್ಯಯನಕ್ಕಾಗಿ ಘಟಿಕೆಗೆ ಹೋಗುತ್ತಿದ್ದನೆಂಬುದಕ್ಕೆ ಇದು ನಿದರ್ಶನ.

ದ್ವಾರಪರೀಕ್ಷೆಯ ವರ್ಣನೆಯು ಕನ್ನಡ ನಾಡಿನ ದಾನಶಾಸನಗಳಲ್ಲಿ ಕಾಣಬರುವುದಿಲ್ಲ; ಅವುಗಳಲ್ಲಿರುವುದು ದತ್ತಿಯ ಲೆಕ್ಕ. ಆದರೆ ಲೆಕ್ಕವನ್ನು ಸೂಕ್ಷ್ಮವಾಗಿ ಓದಿದರೆ ನಿಯಮವೂ ಹೊರಬೀಳುತ್ತದೆ. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನವನ್ನು ನೋಡಬಹುದು. ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ ಆ ಘಟಿಕಾಸ್ಥಾನದಲ್ಲಿ ವೇದಾಧ್ಯಾಯಿಗಳು 200 ಮಂದಿ, ಶಾಸ್ತ್ರಾಧ್ಯಾಯಿಗಳು ಸುಮಾರು 50 ಮಂದಿ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಪುಸ್ತಕಭಂಡಾರಕ್ಕೆ ಆರು ಮಂದಿ ಸರಸ್ವತೀಭಂಡಾರಿಗಳು. ಶಾಸ್ತ್ರೋಪಾಧ್ಯಾಯರು ಹೇಳುತ್ತಿದ್ದುದು ಭಾಟ್ಟದರ್ಶನ, ಪ್ರಾಭಾಕರ ಮತ್ತು ನ್ಯಾಸ. ಇವುಗಳಲ್ಲಿ ನ್ಯಾಸವೆಂಬುದು ಕಾಶಿಕಾವೃತ್ತಿಯ ಮೇಲೆ ಜಿನೇಂದ್ರಬುದ್ಧಿಯು ಬರೆದ ವ್ಯಾಖ್ಯಾನ. ಕಾಶಿಕೆಯನ್ನು ಓದದವನಿಗೆ ನ್ಯಾಸದಲ್ಲಿ ಪ್ರವೇಶವಿಲ್ಲ. ಪಾಣಿನಿಯನ್ನು ಅರಿಯದವನಿಗೆ ಕಾಶಿಕೆಯಲ್ಲಿ ಪ್ರವೇಶವಿಲ್ಲ. ಇತ್ಸಿಂಗನು ಹೇಳಿದ ಹದಿನೈದು ವರ್ಷದ ಬಾಲಕನ ಪಾಠವು ನಾಗಾವಿಯ ನ್ಯಾಸವಿದ್ಯಾರ್ಥಿಗೆ ಹಿಂದೆಯೇ ಮುಗಿದಿರಬೇಕಾದ ಪಾಠ. ನಿಯಮವನ್ನು ಕಲ್ಲಿನಲ್ಲಿ ಕೊರೆಯಬೇಕಾದ ಅಗತ್ಯವಿರಲಿಲ್ಲ, ಗ್ರಂಥವೇ ದ್ವಾರಪಾಲಕನಾಗಿದ್ದಿತು.

ಈ ಊಹೆಗೆ ತಮಿಳುನಾಡಿನ ಎಣ್ಣಾಯಿರಂ ಶಾಸನವು ಬೆಂಬಲ ಕೊಡುತ್ತದೆ. ಒಂದನೆಯ ರಾಜೇಂದ್ರಚೋಳನ ಕಾಲದ ಆ ವಿದ್ಯಾಶಾಲೆಯಲ್ಲಿ 340 ವಿದ್ಯಾರ್ಥಿಗಳು, 14 ಉಪಾಧ್ಯಾಯರು. ಕೆಳಗಿನ ವರ್ಗದ 270 ಮಂದಿಯಲ್ಲಿ ಋಗ್ವೇದಕ್ಕೆ 75, ಯಜುರ್ವೇದಕ್ಕೆ 75, ರೂಪಾವತಾರವೆಂಬ ಸುಲಭ ವ್ಯಾಕರಣಕ್ಕೆ 40, ಉಳಿದವರು ಇತರ ಶಾಖೆಗಳಿಗೆ. ಮೇಲಿನ ವರ್ಗದ 70 ಮಂದಿಯಲ್ಲಿ ವ್ಯಾಕರಣಕ್ಕೆ 25, ಪ್ರಾಭಾಕರ ಮೀಮಾಂಸೆಗೆ 35, ವೇದಾಂತಕ್ಕೆ 10. ಕೆಳಗಿನವರಿಗೆ ದಿನಕ್ಕೆ 6 ನಾಳಿ ಬತ್ತ. ಮೇಲಿನವರಿಗೆ 10 ನಾಳಿ. ಎರಡು ವರ್ಗಗಳ ಭೇದವು ಇಲ್ಲಿ ಅನ್ನದ ಅಳತೆಯಲ್ಲಿಯೇ ಕಾಣುತ್ತದೆ. ಅಲ್ಲದೆ ಯಾವ ವಿಷಯಕ್ಕೆ ಎಷ್ಟು ಮಂದಿ ಎಂಬುದು ಮೊದಲೇ ನಿಶ್ಚಿತವಾದುದರಿಂದ, ಯೋಗ್ಯತೆಯಿದ್ದರೂ ಸ್ಥಳವಿಲ್ಲದೆ ಹಿಂದಿರುಗುವ ಸಂಭವವೂ ಇದ್ದಿತು. ನಾಲಂದದಲ್ಲಿ ಪ್ರಶ್ನೆಯು ಮಾಡಿದ ಕೆಲಸವನ್ನು ಇಲ್ಲಿ ದತ್ತಿಯ ಬತ್ತವು ಮಾಡುತ್ತಿದ್ದಿತು.

ಆ ಸ್ಥಳಗಳನ್ನು ಒದಗಿಸಿದವರು ರಾಜರು ಮತ್ತು ಮಂತ್ರಿಗಳು ಮಾತ್ರವಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ 27 ನಿವೇಶನಗಳಿದ್ದುವು. 945ರ ಆ ಶಾಸನದಂತೆ ಊರಿನಲ್ಲಿ ಮದುವೆಯಾದರೆ 5 ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ಶಾಲೆಗೆ ಸಲ್ಲಬೇಕು. ಹೊರದೇಶದ ವಿದ್ಯಾರ್ಥಿಯ ಪ್ರವೇಶವು ಆ ಊರಿನ ಗೃಹಸ್ಥರ ಶುಭಕಾರ್ಯಗಳನ್ನೂ ಆಶ್ರಯಿಸಿದ್ದಿತು.

ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವು ಈ ವಿಚಾರದ ಕೊನೆಯ ಮಾತನ್ನು ಹೇಳುವಂತಿದೆ. ನಾಲ್ಕು ವೇದಗಳು, ಪಾಣಿನೀಯ ಕೌಮಾರ ಶಾಕಟಾಯನಾದಿ ವ್ಯಾಕರಣಗಳು, ನ್ಯಾಯ ವೈಶೇಷಿಕ ಮೀಮಾಂಸಾ ಸಾಂಖ್ಯ ದರ್ಶನಗಳು, ಬೌದ್ಧದರ್ಶನ, ಲಾಕುಲಸಿದ್ಧಾಂತ, 18 ಪುರಾಣಗಳು, ಕಾವ್ಯನಾಟಕಗಳು ಅಲ್ಲಿಯ ಪಾಠಗಳು. ಪರಮತದ ದರ್ಶನವೂ ಪಾಠಕ್ರಮದಲ್ಲಿ ಸೇರಿರುವುದು ಶ್ಲಾಘ್ಯವಾದುದು. ಅದೇ ಮಠದಲ್ಲಿ ದೀನರಿಗೆ, ಅನಾಥರಿಗೆ, ಕುಂಟರು ಕುರುಡರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವು. ಅನ್ನದ ಬಾಗಿಲಲ್ಲಿ ಕುಲದ ಪ್ರಶ್ನೆಯನ್ನು ಶಾಸನವು ಎತ್ತುವುದಿಲ್ಲ. ಆದರೆ ವೇದಾಧ್ಯಯನಕ್ಕೆ ಉಪನಯನವೇ ಮೊದಲ ಅರ್ಹತೆಯಾಗಿದ್ದ ಕಾಲದಲ್ಲಿ, ಅನ್ನದ ಪಂಕ್ತಿಗೆ ಬಂದವರೆಲ್ಲರೂ ಪಾಠದ ಪಂಕ್ತಿಗೆ ಬರಬಲ್ಲವರಾಗಿರಲಿಲ್ಲ.

ಹೀಗೆ ಪ್ರಾಚೀನ ವಿದ್ಯಾಸ್ಥಾನಗಳಿಗೆ ಎರಡು ಬಾಗಿಲುಗಳಿದ್ದುವೆಂದು ಹೇಳಬೇಕು. ಒಂದು ಜ್ಞಾನದ ಬಾಗಿಲು: ವ್ಯಾಕರಣದಿಂದ ಆರಂಭವಾಗಿ ಪ್ರತಿಯೊಂದು ಶಾಸ್ತ್ರಕ್ಕೂ ತಕ್ಕ ಸಿದ್ಧತೆಯನ್ನು ಬೇಡುವುದು. ಅದರ ಕಾಠಿನ್ಯವೇ ಆ ಪೀಠಗಳ ಕೀರ್ತಿಗೆ ಕಾರಣವಾಯಿತು. ಅದನ್ನು ಹೊಗಳುವುದು ನ್ಯಾಯವೇ. ಇನ್ನೊಂದು ಹುಟ್ಟಿನ ಬಾಗಿಲು: ಬಹುಮಟ್ಟಿಗೆ ದತ್ತಿಯ ಲೆಕ್ಕದಲ್ಲಿ ಸೇರದೆ, ಆಚಾರದಲ್ಲಿಯೇ ನಿಂತಿದ್ದುದು. ಉಜ್ಜಯಿನಿಯ ಇಬ್ಬರು ಯುವಕರು ಮೊದಲನೆಯದನ್ನು ದಾಟಿ ಎರಡನೆಯದರಲ್ಲಿ ಬಿದ್ದರು. 1950ರ ಜನವರಿ 26ರಂದು ಪೂರ್ಣವಾಗಿ ಜಾರಿಗೆ ಬಂದ ಭಾರತದ ಸಂವಿಧಾನವು, ರಾಜ್ಯದ ವಿದ್ಯಾಸಂಸ್ಥೆಗಳಲ್ಲಿಯೂ ರಾಜ್ಯದ ಧನಸಹಾಯ ಪಡೆಯುವ ವಿದ್ಯಾಸಂಸ್ಥೆಗಳಲ್ಲಿಯೂ ಮತ, ಜನಾಂಗ, ಜಾತಿ, ಭಾಷೆಗಳ ಕಾರಣದಿಂದಲೇ ಯಾವ ಪ್ರಜೆಗೂ ಪ್ರವೇಶವನ್ನು ನಿರಾಕರಿಸತಕ್ಕುದಲ್ಲವೆಂದು ತನ್ನ 29ನೆಯ ಅನುಚ್ಛೇದದಲ್ಲಿ ವಿಧಿಸಿತು. ಆ ಯುವಕರನ್ನು ಹಿಡಿದುಕೊಟ್ಟುದು ಅವರ ಭಾಷೆ, ಹೊರಗೆ ಹಾಕಿಸಿದುದು ಅವರ ಜಾತಿ. ಎರಡೂ ಆ ಅನುಚ್ಛೇದದಲ್ಲಿ ಹೆಸರಿಸಲ್ಪಟ್ಟಿವೆ.