ಬರ ನಿಗಾ, ಕರ್ನಾಟಕ

ಮಳೆ, ಮಣ್ಣಿನ ತೇವಾಂಶ, ಬೆಳೆಯ ಸ್ಥಿತಿ, ಜಲಾಶಯಗಳ ಮಟ್ಟ ಇವುಗಳ ಮೇಲೆ ಸತತ ಕಣ್ಣಿಟ್ಟು, ಬೆಳೆ ಪೂರ್ತಿ ಕೈಬಿಡುವ ಮೊದಲೇ ಬರವನ್ನು ಗುರುತಿಸುವ ಸರ್ಕಾರಿ ವ್ಯವಸ್ಥೆ.

1876–78ರ ಧಾತು, ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ ಅಳಿಯಿತು. ಆಗ ಆಡಳಿತಕ್ಕೆ ಬರ ಕಾಣುತ್ತಿದ್ದದ್ದು ಧಾನ್ಯದ ಬೆಲೆ ಏರಿ, ಜನ ಗುಳೆ ಹೊರಟ ಮೇಲೆ. 1880ರ ಕ್ಷಾಮ ಆಯೋಗದ ನಂತರ ಬಂದ ಕ್ಷಾಮ ಸಂಹಿತೆಗಳು ಇಂಥ ಲಕ್ಷಣಗಳನ್ನೇ ಎಚ್ಚರಿಕೆಯೆಂದು ಗಮನಿಸಲು ಅಧಿಕಾರಿಗಳಿಗೆ ಸೂಚಿಸಿದವು. ಬೆಳೆ ನಷ್ಟದ ಅಂದಾಜಿಗೆ ಬಹುಕಾಲ, ಇಳುವರಿಯನ್ನು ಆಣೆಗಳ ಲೆಕ್ಕದಲ್ಲಿ ಅಳೆಯುವ ಆಣೆವಾರಿಯೇ ಗತಿ. ಅದರ ಲೆಕ್ಕ ಕೈಗೆ ಬರುವಾಗ ಕೊಯ್ಲು ಹತ್ತಿರವಾಗಿರುತ್ತಿತ್ತು. ರೈತನಿಗೆ ಅದರಿಂದ ಆ ಹಂಗಾಮಿನಲ್ಲಿ ಆಗುತ್ತಿದ್ದ ಉಪಯೋಗ ಅಷ್ಟಕ್ಕಷ್ಟೇ.

1988ರಲ್ಲಿ ಸ್ಥಾಪನೆಯಾದ ಬರ ಉಸ್ತುವಾರಿ ಕೋಶ ದೇಶದಲ್ಲೇ ಮೊದಲನೆಯದು. 2007ರಲ್ಲಿ ಅದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು; ನೆಲೆ ಬೆಂಗಳೂರಿನ ಯಲಹಂಕ. ಕೇಂದ್ರದ ನಿಜವಾದ ಸಾಧನೆ ಅಳತೆಯನ್ನು ಹಳ್ಳಿಯ ಹತ್ತಿರಕ್ಕೆ ತಂದದ್ದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಿಲ್ಲಿಸಿದ 6,000ಕ್ಕೂ ಹೆಚ್ಚು ಮಳೆಮಾಪಕಗಳು ಸೌರಶಕ್ತಿಯಿಂದ ನಡೆದು, 15 ನಿಮಿಷಕ್ಕೊಮ್ಮೆ ಮಾಹಿತಿ ರವಾನಿಸುತ್ತವೆ. ಒಂದು ಹೊಲ ನೆನೆದು ಪಕ್ಕದೂರು ಒಣಗುವ ಬಯಲುಸೀಮೆಯಲ್ಲಿ ತಾಲ್ಲೂಕಿಗೊಂದು ಸರಾಸರಿ ಹೇಳುವುದು ಕಡಿಮೆ. ಬಿತ್ತಬೇಕೆ, ಕಾಯಬೇಕೆ ಎಂದು ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡುವ ರೈತ ಕೇಳುವುದೂ ತನ್ನ ಊರಿನ ಮಳೆಯನ್ನೇ.

ಬರ ಘೋಷಣೆಯ ಮಾನದಂಡಗಳನ್ನು ಕೇಂದ್ರ ಕೃಷಿ ಸಚಿವಾಲಯದ 2016ರ ಬರ ನಿರ್ವಹಣಾ ಕೈಪಿಡಿ ಬಿಗಿಗೊಳಿಸಿತು. ಮಳೆ ಕೊರತೆ ಅಥವಾ ಸತತ ಒಣ ವಾರಗಳು ಮೊದಲ ಮೆಟ್ಟಿಲು. ಬಿತ್ತನೆ ಪ್ರದೇಶ, ಉಪಗ್ರಹ ಚಿತ್ರ, ತೇವಾಂಶ, ಅಂತರ್ಜಲ ಆಮೇಲಿನವು. ಕೊನೆಗೆ ಆಯ್ದ ಹಳ್ಳಿಗಳ ಹೊಲದಲ್ಲೇ ತಪಾಸಣೆ.

2022ರಲ್ಲಿ ಅತಿವೃಷ್ಟಿ ಕಂಡ ರಾಜ್ಯ ಮರುವರ್ಷವೇ ಒಣಗಿತು. 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ 2023ರದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆನಿಸಿದವು. ತಡವಾಗಿ ಬಿದ್ದ ಹನಿಗೆ ಪೈರು ಹಸಿರಾಗಿ ನಿಂತಿತು, ಕಾಳು ಕಟ್ಟಲಿಲ್ಲ. ಉಪಗ್ರಹಕ್ಕೆ ಕಾಣುವುದು ಹಸಿರೇ! ರಾಜ್ಯ ಸರ್ಕಾರ ಇದನ್ನು ‘ಹಸಿರು ಬರ’ ಎಂದು ಕೇಂದ್ರ ಸರ್ಕಾರದ ತಂಡದ ಮುಂದಿಟ್ಟಿತು. ಪರಿಹಾರದ ವಿಳಂಬ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. 2024ರ ಏಪ್ರಿಲ್‌ನಲ್ಲಿ ಸಿಕ್ಕಿದ್ದು ಸುಮಾರು 3,450 ಕೋಟಿ.