ದೂರವಿದ್ದವರ ಜಂಟಿ ಕೆಲಸಕ್ಕೆ ‘ಗಿಟ್’

ಹುಣಸಗಿಯಲ್ಲಿರುವ ನೀವೂ ಬೆಂಗಳೂರಿನ ಗೆಳೆಯನೂ ಸೇರಿ ಒಂದೇ ತಂತ್ರಾಂಶ ಬರೆಯುತ್ತಿದ್ದೀರಿ ಎನ್ನಿ. ಯಾರು, ಯಾವಾಗ, ಏನು ತಿದ್ದಿದರು ಎಂಬ ಲೆಕ್ಕ ಇಡುವುದು ಹೇಗೆ? ಹಲವು ದೇಶಗಳಲ್ಲಿ ಹರಡಿದ್ದ ಲಿನಕ್ಸ್ ರಚನಾಕಾರರಿಗೂ ಇದೇ ಸಮಸ್ಯೆಯಿತ್ತು. 2002ರಿಂದ ಅವರಲ್ಲಿ ಹಲವರು ಇದಕ್ಕೆ ‘ಬಿಟ್‌ಕೀಪರ್’ ಬಳಸುತ್ತಿದ್ದರು. ಅದು ಅವರಿಗೆ ಉಚಿತವಾಗಿ ಸಿಗುತ್ತಿತ್ತು, ಆದರೆ ಆಗ ಮುಕ್ತವಾಗಿರಲಿಲ್ಲ. 2005ರಲ್ಲಿ ಅದರ ಕಂಪನಿ ಉಚಿತ ಸೌಲಭ್ಯವನ್ನು ಹಿಂತೆಗೆದುಕೊಂಡಿತು. ಅದೇ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ‘ಗಿಟ್’ ರಚನೆಗೆ ತೊಡಗಿದರು.

ಗಿಟ್‌ನಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬರ ಗಣಕದಲ್ಲೂ ತಿದ್ದುಪಡಿಗಳ ಪೂರ್ಣ ಇತಿಹಾಸವಿರುತ್ತದೆ. ಆದ್ದರಿಂದ ಅಂತರಜಾಲ ಸಂಪರ್ಕ ಕಡಿದರೂ ನಿಮ್ಮ ಕೆಲಸ ನಿಲ್ಲದು. ಸಂಪರ್ಕ ಬಂದಾಗ ಎರಡೂ ಕಡೆಯ ತಿದ್ದುಪಡಿಗಳನ್ನು ಕೂಡಿಸಬಹುದು. ಜಿಪಿಎಲ್ ಪರವಾನಗಿಯಡಿ ಇದನ್ನು ಯಾರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಉಪಕರಣ ಆರಿಸುವಾಗ ಬೆಲೆಯ ಜೊತೆಗೆ ಪರವಾನಗಿಯನ್ನೂ ಓದಿ.