ಸರ್ವೊ ತಿರುಗಬೇಕು, ಬೋರ್ಡು ಕಾಯಬಾರದು

ನೆಲಮಂಗಲದ ಸುತ್ತ ಬೋರ್‌ವೆಲ್ ಇಟ್ಟುಕೊಂಡವರಿಗೆ ಮೋಟರು ಸುಡುವುದು ಹೊಸ ಸಂಗತಿಯಲ್ಲ. ಮರಳು ಸಿಕ್ಕಿ ಪಂಪು ತಿರುಗದೆ ನಿಂತರೆ ಮೋಟರು ಗುಂಯ್ ಎನ್ನುತ್ತ ಸಿಕ್ಕಾಪಟ್ಟೆ ಕರೆಂಟು ಎಳೆಯುತ್ತದೆ. ಸ್ಟಾರ್ಟರಿನ ರಿಲೇ ಆ ಹೊತ್ತಿಗೆ ಕೈಕೊಟ್ಟರೆ ವೈಂಡಿಂಗ್ ಹೋಯಿತೆಂದೇ ಲೆಕ್ಕ. ವಿಜ್ಞಾನ ಪ್ರದರ್ಶನಕ್ಕೆಂದು ಮಕ್ಕಳು ಮಾಡುವ ರೈಲ್ವೆ ಗೇಟಿನ ಮಾದರಿಯಲ್ಲಿ ಕೂತ 9 ಗ್ರಾಂ ತೂಕದ ಸರ್ವೊ ಮೋಟರಿನದೂ ಹೆಚ್ಚುಕಡಿಮೆ ಇದೇ ಕಥೆ. ಆದರೆ ಇಲ್ಲಿ ಮೊದಲು ಪೆಟ್ಟು ತಿನ್ನುವುದು ಮೋಟರಲ್ಲ, ಅದಕ್ಕೆ ಕರೆಂಟು ಕೊಡಲು ಹೋದ ಪುಟ್ಟ ಬೋರ್ಡು.

2016ರಲ್ಲಿ ಶುರುವಾದ ಅಟಲ್ ಇನ್ನೋವೇಷನ್ ಮಿಷನ್ ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗೆಂದು ಶಾಲೆಗಳಲ್ಲಿ ಟಿಂಕರಿಂಗ್ ಲ್ಯಾಬ್ ತೆರೆಯಿತು. ಒಂದು ಲ್ಯಾಬಿಗೆ 20 ಲಕ್ಷ ರೂಪಾಯಿವರೆಗಿನ ಅನುದಾನ. ಪ್ರೋಗ್ರಾಮ್ ಹಾಕಿ ನಡೆಸುವ ಆರ್ಡುಯಿನೊ ಬೋರ್ಡು, ಸರ್ವೊಗಳು ಹೀಗೆ ಹಳ್ಳಿ ಮಕ್ಕಳ ಕೈಗೂ ಬಂದವು. ಜೊತೆಗೆ ಬೋರ್ಡು ಮುಟ್ಟಿ "ಸಾರ್, ಸುಡ್ತಾ ಇದೆ" ಎನ್ನುವ ದೂರೂ ಬಂತು.

ಸರ್ವೊ ಎಷ್ಟು ಎಳೆಯುತ್ತದೆ

ಸರ್ವೊ ಎಂದರೆ ಒಂದು ಸಣ್ಣ ಡಿಸಿ ಮೋಟರು, ಗೇರುಗಳು, ಎಷ್ಟು ತಿರುಗಿದೆ ಎಂದು ಅಳೆಯುವ ಪೊಟೆನ್ಷಿಯೊಮೀಟರ್ ಮತ್ತು ಅದನ್ನೆಲ್ಲ ನಡೆಸುವ ಚೂರು ಸರ್ಕ್ಯೂಟು. ಮೂರು ವೈರುಗಳಲ್ಲಿ ಕಂದು ಗ್ರೌಂಡ್, ಕೆಂಪು 5 ವೋಲ್ಟ್, ಕಿತ್ತಳೆ ಸಿಗ್ನಲ್. ಸಿಗ್ನಲ್ ವೈರಿಗೆ ಬೇಕಾದ ಕರೆಂಟು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಕಾಟವೆಲ್ಲ ಕೆಂಪು ವೈರಿನದು. ಎಸ್‌ಜಿ90 ಸರ್ವೊ ಸುಮ್ಮನಿದ್ದಾಗ 10 ಮಿಲಿಆಂಪಿಯರಿನ ಆಸುಪಾಸು, ತಿರುಗುವಾಗ 100ರಿಂದ 250, ತಡೆ ಸಿಕ್ಕಿ ನಿಂತುಬಿಟ್ಟರೆ 700ರ ಹತ್ತಿರ ಎಳೆಯುತ್ತದೆ. ಲೋಹದ ಗೇರಿನ ಎಂಜಿ996ಆರ್ 6 ವೋಲ್ಟಿನಲ್ಲಿ ಹಾಗೆ ಸಿಕ್ಕಿಕೊಂಡರೆ ಎರಡೂವರೆ ಆಂಪಿಯರ್ ಬೇಡುತ್ತದೆ.

ಆರ್ಡುಯಿನೊ ಊನೊದ ಒಂದು ಸಿಗ್ನಲ್ ಪಿನ್ ತಡೆದುಕೊಳ್ಳುವ ಪರಮಾವಧಿಯೇ 40 ಮಿಲಿಆಂಪಿಯರ್, ನೆಮ್ಮದಿಯಾಗಿ ಕೊಡುವುದು 20. ಬೋರ್ಡಿನ ಕೆಲಸ ಶಾನುಭೋಗರದು, ಲೆಕ್ಕ ಬರೆದು ಚೀಟಿ ಕೊಡುವುದು. ಅವರ ಬೆನ್ನಿಗೇ ರಾಗಿ ಮೂಟೆ ಹೊರಿಸಿದರೆ ಆಗುವ ಫಜೀತಿ ಇಲ್ಲಿ ಆಗುವುದು.

ಬಿಸಿ ಹುಟ್ಟುವ ಜಾಗ

ಊನೊದ ಹಳೆಯ ಮಾದರಿಗಳಲ್ಲಿ ಅಡಾಪ್ಟರ್ ಚುಚ್ಚುವ ಕಿಂಡಿಯ ಬಳಿ ಮೂರು ಕಾಲಿನ ಕರಿ ಚಿಪ್ ಒಂದಿದೆ. ಅದು ರೆಗ್ಯುಲೇಟರ್, ಒಳಬಂದ ವೋಲ್ಟೇಜನ್ನು 5 ವೋಲ್ಟಿಗೆ ಇಳಿಸುವುದು ಅದರ ಕಸುಬು. ಇಳಿಸುವ ವಿಧಾನ ಮಾತ್ರ ಒರಟು. ಹೆಚ್ಚಾದದ್ದನ್ನೆಲ್ಲ ಶಾಖ ಮಾಡಿ ಚೆಲ್ಲಿಬಿಡುತ್ತದೆ. ಲೆಕ್ಕ ಸುಲಭ: ಒಳಗಿನ ವೋಲ್ಟಿನಲ್ಲಿ ಹೊರಗಿನದನ್ನು ಕಳೆದು, ಬಂದದ್ದನ್ನು ಕರೆಂಟಿನಿಂದ ಗುಣಿಸಿ.

12 ವೋಲ್ಟಿನ ಅಡಾಪ್ಟರ್ ಹಾಕಿ, ಬೋರ್ಡಿನ 5 ವೋಲ್ಟ್ ಪಿನ್ನಿನಿಂದ ಎರಡು ಸರ್ವೊ ಓಡಿಸುತ್ತ ಸರಾಸರಿ 300 ಮಿಲಿಆಂಪಿಯರ್ ಎಳೆದೆವು ಅನ್ನಿ. ನಡುವಿನ ಡಯೋಡ್ ತಿನ್ನುವ ಅಲ್ಪಸ್ವಲ್ಪವನ್ನು ಬದಿಗಿಟ್ಟರೆ 7 ವೋಲ್ಟ್ ಗುಣಿಸು 0.3, ಅಂದರೆ 2.1 ವ್ಯಾಟ್ ಬರೀ ಶಾಖ. ಸರ್ವೊಗಳಿಗೆ ಸಿಕ್ಕಿದ್ದು ಒಂದೂವರೆ ವ್ಯಾಟ್. ಕೂಲಿಗಿಂತ ಕಮಿಷನ್ನೇ ಜಾಸ್ತಿ! ಒಂದು ವ್ಯಾಟಿಗೆ ಚಿಪ್ 50 ಡಿಗ್ರಿ ಏರುತ್ತದೆಂದು ಹಿಡಿದರೆ (ಬೋರ್ಡಿನ ಮೇಲಿನ ತಾಮ್ರದ ಹರವು ನೋಡಿಕೊಂಡು ಇದು ಬದಲಾಗುತ್ತದೆ) 105 ಡಿಗ್ರಿ ಆಯಿತು. ಏಪ್ರಿಲ್ ತಿಂಗಳಲ್ಲಿ ಶೀಟಿನ ಚಾವಣಿಯ ಕೋಣೆ ತಾನೇ 35 ಡಿಗ್ರಿ ಇರುತ್ತದೆ. ಒಟ್ಟು 140. ಚಿಪ್ಪಿನ ಒಳಗಿನ ಮಿತಿ 150. ಇಷ್ಟರಲ್ಲಿ ಒಂದು ಗೇಟು ಸಿಕ್ಕಿಕೊಂಡರೆ ಮುಗಿಯಿತು, ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ಆರಿಕೊಳ್ಳುತ್ತದೆ. ಬೋರ್ಡು ರೀಸೆಟ್ ಆಗಿ, ತಣಿದು, ಮತ್ತೆ ಎದ್ದು, ಮತ್ತೆ ಬೀಳುತ್ತದೆ. ಮಕ್ಕಳು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಕೂರುತ್ತಾರೆ.

7.5 ವೋಲ್ಟಿನ ಅಡಾಪ್ಟರ್ ಹಾಕಿದರೆ ಅದೇ ಕೆಲಸಕ್ಕೆ ಹೋಗುವ ಶಾಖ 0.75 ವ್ಯಾಟ್. 2023ರ ಊನೊ ಆರ್4 ಬೋರ್ಡಿನಲ್ಲಿ ಹೆಚ್ಚು ಶಾಖ ಚೆಲ್ಲದ ಬಕ್ ಕನ್ವರ್ಟರ್ ಕೂರಿಸಿದ್ದಾರೆ, ಈ ತಾಪತ್ರಯ ಬಹಳ ಕಡಿಮೆ. ಹಾಗಂತ ಅದರ ಮೇಲೂ ಮೂಟೆ ಹೊರಿಸಬೇಕಾಗಿಲ್ಲ.

ಯುಎಸ್‌ಬಿ ಮತ್ತು 9 ವೋಲ್ಟ್ ಬ್ಯಾಟರಿ

ಹಳೆಯ ಊನೊಗೆ ಯುಎಸ್‌ಬಿಯಿಂದ ಕರೆಂಟು ಕೊಟ್ಟರೆ ರೆಗ್ಯುಲೇಟರ್ ಬಿಸಿಯಾಗುವುದಿಲ್ಲ, ಆ ದಾರಿಯಲ್ಲಿ ಅದು ಬರುವುದೇ ಇಲ್ಲ. ಬದಲಿಗೆ 500 ಮಿಲಿಆಂಪಿಯರಿನ, ತಣಿದರೆ ತಾನೇ ಸರಿಹೋಗುವ ಫ್ಯೂಸ್ ಇದೆ. ಅಡಾಪ್ಟರಿನ ದಾರಿಗೆ ಆ ಫ್ಯೂಸಿನ ಕಾವಲಿಲ್ಲ ಎಂಬುದನ್ನು ಹೆಚ್ಚಿನವರು ಗಮನಿಸಿರುವುದಿಲ್ಲ. ಇನ್ನು ಚೌಕ 9 ವೋಲ್ಟ್ ಬ್ಯಾಟರಿ: ಸರ್ವೊಗೆ ಅದನ್ನು ಹಾಕುವುದು ದುಡ್ಡು ದಂಡ. ಕರೆಂಟು ಎಳೆದ ಕೂಡಲೇ ಅದರ ವೋಲ್ಟೇಜ್ ಕುಸಿಯುತ್ತದೆ.

ಕರೆಂಟು ಬೇರೆ, ಗ್ರೌಂಡ್ ಒಂದೇ

ನಿಜವಾದ ಪರಿಹಾರವೆಂದರೆ ಸರ್ವೊದ ಕೆಂಪು ವೈರನ್ನು ಬೋರ್ಡಿನಿಂದ ಬಿಡಿಸುವುದು. ಒಂದೆರಡು ಎಸ್‌ಜಿ90ಗೆ 5 ವೋಲ್ಟ್ 2 ಆಂಪಿಯರಿನ ಒಳ್ಳೆಯ ಮೊಬೈಲ್ ಚಾರ್ಜರ್ ಸಾಕು. ಚಾರ್ಜ್ ಆಗುವ ಪೆನ್ಸಿಲ್ ಸೆಲ್ ನಾಲ್ಕು ಜೋಡಿಸಿದರೆ 4.8 ವೋಲ್ಟ್, ಅದೂ ಸರಿ. 12 ವೋಲ್ಟಿನ ಅಡಾಪ್ಟರೇ ಇದ್ದರೆ ನಡುವೆ ಎಲ್‌ಎಂ2596 ಬಕ್ ಮಾಡ್ಯೂಲ್ ಹಾಕಿ. ಮೇಲಿನ ಲೆಕ್ಕದ 2.1 ವ್ಯಾಟ್ ನಷ್ಟ ಅರ್ಧ ವ್ಯಾಟಿಗೂ ಕೆಳಗಿಳಿಯುತ್ತದೆ. ಆದರೆ ಸರ್ವೊ ಜೋಡಿಸುವ ಮೊದಲೇ ಮಲ್ಟಿಮೀಟರ್ ಹಿಡಿದು, ಮಾಡ್ಯೂಲಿನ ತಿರುಪು ತಿರುಗಿಸಿ 5 ವೋಲ್ಟಿಗೆ ತರಬೇಕು. ತಂದಂತೆಯೇ ಹಾಕಿ ಸರ್ವೊ ಸುಟ್ಟುಕೊಂಡವರಿದ್ದಾರೆ.

ಇಲ್ಲಿ ಎಲ್ಲರೂ ಎಡವುವುದು ಗ್ರೌಂಡ್ ವೈರಿನಲ್ಲಿ. ಕರೆಂಟು ಬೇರೆ ಮಾಡಿದೆವೆಂದು ಗ್ರೌಂಡನ್ನೂ ಬೇರೆ ಮಾಡಿದರೆ ಬೋರ್ಡು ಕಳಿಸಿದ ಸಿಗ್ನಲ್ ಸರ್ವೊಗೆ ಅರ್ಥವಾಗುವುದಿಲ್ಲ, ಅದು ಜ್ವರ ಬಂದಂತೆ ನಡುಗುತ್ತದೆ. ಚಾರ್ಜರಿನ, ಬೋರ್ಡಿನ, ಸರ್ವೊದ ಗ್ರೌಂಡ್ ಮೂರೂ ಕೂಡಬೇಕು. ಸರ್ವೊ ಬಳಿ ಕೆಂಪು ಮತ್ತು ಕಂದು ವೈರುಗಳ ನಡುವೆ 1000 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಇಟ್ಟರೆ ಶುರುವಿನ ಎಳೆತವನ್ನು ಅದು ತುಂಬಿಕೊಡುತ್ತದೆ. ಪ್ಲಸ್ ಮೈನಸ್ ಅದಲುಬದಲಾದರೆ ಕೆಪ್ಯಾಸಿಟರ್ ಸಿಡಿಯುತ್ತದೆ, ಜೋಕೆ. ಸರ್ವೊ ನಾಲ್ಕೈದು ದಾಟಿದರೆ ಹದಿನಾರು ಸರ್ವೊ ನಡೆಸುವ ಪಿಸಿಎ9685 ಬೋರ್ಡು ಒಳ್ಳೆಯದು, ಅದರಲ್ಲಿ ಮೋಟರಿನ ಕರೆಂಟಿಗೆ ಬೇರೆಯದೇ ತಿರುಪಿನ ಕನೆಕ್ಟರ್ ಇದೆ. ದೊಡ್ಡ ಸರ್ವೊಗಳ ಕರೆಂಟನ್ನು ಬ್ರೆಡ್‌ಬೋರ್ಡಿನ ಮೂಲಕ ಹಾಯಿಸಬೇಡಿ, ದಪ್ಪ ವೈರು ಬಳಸಿ.

ಪ್ರೋಗ್ರಾಮಿನಲ್ಲಿರುವ ಬಿಸಿ

ಅಗ್ಗದ ಸರ್ವೊಗಳು ಹೆಸರಿಗೆ 180 ಡಿಗ್ರಿ, ಎಷ್ಟೋ ಸಲ ಎರಡೂ ತುದಿಯಲ್ಲಿ ಒಳಗಿನ ತಡೆಗೆ ಬಡಿದು ನಿಲ್ಲುತ್ತವೆ. ಸೊನ್ನೆಗೆ ಹೋಗು ಎಂದರೆ ಹೋಗಲಾಗದೆ ತಳ್ಳುತ್ತಲೇ ಇರುತ್ತವೆ, ಮರಳಿಗೆ ಸಿಕ್ಕ ಪಂಪಿನಂತೆ. 10ರಿಂದ 170ರೊಳಗೆ ಆಡಿಸಿದರೆ ಗುಂಯ್ ಸದ್ದೂ ನಿಲ್ಲುತ್ತದೆ, ಬಿಸಿಯೂ ಇಳಿಯುತ್ತದೆ. ಎರಡು ಗೇಟು ಒಟ್ಟಿಗೆ ಏಳುವ ಬದಲು ಅರ್ಧ ಸೆಕೆಂಡ್ ಬಿಟ್ಟು ಒಂದೊಂದಾಗಿ ಎದ್ದರೆ ಎಳೆತ ಹಂಚಿಹೋಗುತ್ತದೆ. ಹಗುರವಾದ ಗೇಟಾದರೆ ಕೆಲಸ ಮುಗಿದ ಮೇಲೆ ಡಿಟ್ಯಾಚ್ ಆದೇಶ ಕೊಟ್ಟು ಸರ್ವೊಗೆ ಬಿಡುವು ಕೊಡಬಹುದು. ಭಾರ ಹಿಡಿದಿರುವ ತೋಳಿಗೆ ಇದು ಸಲ್ಲ, ಕೈಬಿಟ್ಟುಬಿಡುತ್ತದೆ.

ಸಾಮಾನು ತರುವುದು, ಸುಟ್ಟದ್ದನ್ನು ನೋಡುವುದು

ಬಕ್ ಮಾಡ್ಯೂಲ್, ಕೆಪ್ಯಾಸಿಟರ್ ಬೇಕಾದರೆ ಬೆಂಗಳೂರಿನ ಎಸ್‌ಪಿ ರಸ್ತೆಯೇ ಗತಿ. 2024ರ ನವೆಂಬರಿನಿಂದ ಮೆಟ್ರೊ ಮಾದಾವರದವರೆಗೆ ಬಂದಿದೆ. ನೆಲಮಂಗಲದವರು ಅಲ್ಲಿ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ನಡೆದೇ ಹೋಗಬಹುದು. ಹಾಗೇ ಒಂದು ಮಲ್ಟಿಮೀಟರನ್ನೂ ತನ್ನಿ.

ಒಮ್ಮೆ ಕಾದು ವಾಸನೆ ಬಂದ ಬೋರ್ಡನ್ನು ಹಾಗೇ ಮತ್ತೆ ಚುಚ್ಚಬಾರದು. ಎಲ್ಲ ಸರ್ವೊ ಬಿಚ್ಚಿ, ಅಡಾಪ್ಟರ್ ಹಾಕಿ, 5 ವೋಲ್ಟಿನ ಪಿನ್ ಅಳೆಯಿರಿ. ಐದರ ಹತ್ತಿರ ಇದ್ದರೆ ಬೋರ್ಡು ಬಹುಶಃ ಬದುಕಿದೆ. ಏನೂ ಬರದಿದ್ದರೆ ರೆಗ್ಯುಲೇಟರ್ ಹೋಗಿರಬಹುದು, ಬೆಸುಗೆ ಬಲ್ಲವರು ಬದಲಿಸಬಹುದು. ಎಂಟೋ ಹತ್ತೋ ತೋರಿಸಿದರೆ ತಕ್ಷಣ ಅಡಾಪ್ಟರ್ ಕೀಳಿ: ಅಡಾಪ್ಟರಿನ ವೋಲ್ಟೇಜ್ ರೆಗ್ಯುಲೇಟರನ್ನು ದಾಟಿ ಮುಖ್ಯ ಚಿಪ್ಪಿಗೇ ನುಗ್ಗುತ್ತಿದೆ, ಅಂಥ ಬೋರ್ಡಿಗೆ ಕಂಪ್ಯೂಟರಿನ ಯುಎಸ್‌ಬಿ ಕೇಬಲನ್ನಂತೂ ಹಾಕಲೇಬೇಡಿ.